ಕಿಸೆಯ ಚಿಲ್ಲರೆಯಲ್ಲಿ ಲಕ್ಷದ ಆಸೆ: ನಾಣ್ಯದ ನಿಜಬೆಲೆ ಯಾವುದು?

ಹಾವೇರಿ: ಮಾತಾ ವೈಷ್ಣೋದೇವಿಯ ಚಿತ್ರವುಳ್ಳ ಐದು ರೂಪಾಯಿ ನಾಣ್ಯ ಕೈಯಲ್ಲಿದ್ದರೆ ಲಕ್ಷಾಂತರ ರೂಪಾಯಿ ದೊರೆಯುವುದೆಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗಿ ವರ್ಷಗಳೇ ಕಳೆದಿವೆ. ಆ ನಾಣ್ಯ 2012ರಲ್ಲಿ ಸರ್ಕಾರವೇ ಚಲಾವಣೆಗೆ ತಂದದ್ದು. ಇಂದಿಗೂ ಅದರಿಂದ ಐದು ರೂಪಾಯಿಯ ಸಾಮಾನು ಕೊಳ್ಳಬಹುದು. ಸಂಗ್ರಾಹಕರ ಪೇಟೆಯಲ್ಲಿಯೂ ಅದು ಅಪರೂಪದ ವಸ್ತುವಲ್ಲ. ಹೀಗಿದ್ದರೂ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ದೇವರ ಕೋಣೆಯ ಹುಂಡಿಯನ್ನು ಮಗುಚಿ ಹುಡುಕುವವರಿಗೆ ಕೊರತೆಯಿಲ್ಲ.

ವಿಪರ್ಯಾಸವೆಂದರೆ ಇದೇ ಸೀಮೆಯಲ್ಲಿ, ಉತ್ತರ ಕರ್ನಾಟಕದ ಅನೇಕ ಪೇಟೆಗಳಲ್ಲಿರುವಂತೆ, ಹತ್ತು ರೂಪಾಯಿಯ ನಾಣ್ಯ ನೀಡಿದರೆ "ಇದು ನಡ್ಯಂಗಿಲ್ಲ" ಎಂಬ ಉತ್ತರ ಬರುತ್ತದೆ. 2009ರಲ್ಲಿ ಚಲಾವಣೆಗೆ ಬಂದ ಈ ನಾಣ್ಯದ ಮೇಲೆ ಆರಂಭದಲ್ಲಿ ರೂಪಾಯಿ ಚಿಹ್ನೆ ಇರಲಿಲ್ಲ. ಚಿಹ್ನೆಗೆ ಒಪ್ಪಿಗೆ ದೊರೆತದ್ದೇ 2010ರ ಜುಲೈನಲ್ಲಿ. ನಾಣ್ಯಗಳ ಮೇಲೆ ಅದು ಕಾಣಿಸಿಕೊಂಡದ್ದು 2011ರಿಂದ. ಚಿಹ್ನೆ ಇಲ್ಲದ್ದು ನಕಲಿ ಎಂಬ ವದಂತಿ ಹಬ್ಬಿದಾಗ ರಿಸರ್ವ್ ಬ್ಯಾಂಕು 2016ರಲ್ಲಿ ಸ್ಪಷ್ಟೀಕರಣ ನೀಡಿತು. 2018ರ ಜನವರಿಯಲ್ಲಿ ಅಲ್ಲಿಯವರೆಗಿನ 14 ವಿನ್ಯಾಸಗಳೂ ಮಾನ್ಯವೆಂದು ಮತ್ತೊಮ್ಮೆ ಸಾರಿತು. ಸ್ಪಷ್ಟೀಕರಣ ಬ್ಯಾಂಕಿನ ಗೋಡೆಯವರೆಗೆ ಬಂದಿತೇ ಹೊರತು ಕಿರಾಣಿ ಅಂಗಡಿಯ ಗಲ್ಲೆಯವರೆಗೆ ತಲುಪಲಿಲ್ಲ. ಅಸಲಿ ನಾಣ್ಯಕ್ಕೆ ಬೆಲೆಯಿಲ್ಲದ, ಸುಳ್ಳು ಬೆಲೆಗೆ ನಂಬಿಕೆಯಿರುವ ಈ ಸ್ಥಿತಿಯೇ ವಂಚಕರಿಗೆ ಹದವಾದ ನೆಲ.

ವಂಚನೆಯ ಕ್ರಮ ಬಹುಮಟ್ಟಿಗೆ ಒಂದೇ. ನಾಣ್ಯದ ಫೋಟೊ ಕಳುಹಿಸಿದ ಕೂಡಲೇ ಭಾರೀ ಮೊತ್ತಕ್ಕೆ ಖರೀದಿ ಖಚಿತವಾಗುತ್ತದೆ. ಬಳಿಕ ನೋಂದಣಿ ಶುಲ್ಕ, ಅದು ಮುಗಿದರೆ ಜಿಎಸ್‌ಟಿ, ಅನಂತರ ರಿಸರ್ವ್ ಬ್ಯಾಂಕಿನ ಲಾಂಛನ ಹೊತ್ತ "ಪ್ರಮಾಣಪತ್ರ"ದ ವೆಚ್ಚ. ಕೊಳ್ಳುವವನು ಹಣ ಕೊಡಬೇಕಾದ ವ್ಯವಹಾರದಲ್ಲಿ ಮಾರುವವನೇ ಕಂತು ಕಂತಾಗಿ ತೆರುತ್ತ ಹೋಗುತ್ತಾನೆ. ಕೊಟ್ಟ ಮೊದಲ ಸಾವಿರವನ್ನು ಕಳೆದುಕೊಳ್ಳಬಾರದೆಂಬ ಹಟದಿಂದಲೇ ಎರಡನೆಯ ಸಾವಿರವೂ ಹೋಗುತ್ತದೆ. ಹಣ ಸ್ವೀಕರಿಸಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಅರಿಯದವರು ಖಾತೆಯನ್ನೇ ಬರಿದು ಮಾಡಿಕೊಳ್ಳುತ್ತಾರೆ. ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನು ತೊಡಗಿಲ್ಲ, ಶುಲ್ಕವನ್ನಾಗಲೀ ಕಮಿಷನ್ನನ್ನಾಗಲೀ ಕೇಳುವುದಿಲ್ಲ, ಹಾಗೆ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ. ಮೋಸಹೋದವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ನೋಡಬೇಕಾದದ್ದೇನು?

ಹಾಗೆಂದು ನಾಣ್ಯ ಸಂಗ್ರಹವೇ ಹುಸಿ ಎನ್ನಲಾಗದು. ಚಿಲ್ಲರೆಯಲ್ಲಿ ಬಂದ ನಾಣ್ಯವನ್ನು ಓದಲು ಕಲಿಯುವುದು ಹೆಚ್ಚು ಖರ್ಚಿಲ್ಲದ ವಿದ್ಯೆ. ಮೊದಲು ಗಮನಿಸಬೇಕಾದದ್ದು ಇಸವಿ ಹಾಗೂ ಅದರ ಕೆಳಗಿನ ಟಂಕಸಾಲೆಯ ಗುರುತು. ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡನೆಯ ಚುಕ್ಕೆಯಿದ್ದರೆ ನೋಯಿಡಾ. ಯಾವ ಗುರುತೂ ಇಲ್ಲದಿದ್ದರೆ ಸಾಮಾನ್ಯವಾಗಿ ಕೋಲ್ಕತ್ತ. ದೇಶದ ಟಂಕಸಾಲೆಗಳು ಬೇಡಿಕೆ ಪೂರೈಸಲಾರದಾದಾಗ ಸರ್ಕಾರ ಹೊರದೇಶಗಳಲ್ಲಿಯೂ ನಾಣ್ಯ ಅಚ್ಚು ಹಾಕಿಸಿದ್ದುಂಟು. 1985ರ ಒಂದು ರೂಪಾಯಿಯ ಕೆಲವು ನಾಣ್ಯಗಳು ಬ್ರಿಟನ್ನಿನವು. ಅವುಗಳಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚಾದವಕ್ಕೆ ಇಂಗ್ಲಿಷಿನ 'ಎಚ್' ಅಕ್ಷರವಿದೆ. 1990ರ ದಶಕದ ಕೊನೆಯಲ್ಲಿ ಮೆಕ್ಸಿಕೊ, ದಕ್ಷಿಣ ಆಫ್ರಿಕಾ, ಸ್ಲೊವಾಕಿಯಾ, ರಷ್ಯಾಗಳ ಟಂಕಸಾಲೆಗಳಿಂದಲೂ ನಮ್ಮ ರೂಪಾಯಿ ಬಂದಿತು. ಸವಣೂರಿನ ಎಲೆ ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ಮಾಸ್ಕೋದ ಐದು ರೂಪಾಯಿ ಸಿಗುವುದು ಅಸಂಭವವೇನಲ್ಲ. ಸಂತೋಷ ಕೊಡುವ ನಾಣ್ಯ ಅದು, ಸಂಪತ್ತು ಕೊಡುವುದಲ್ಲ.

ಏಕೆಂದರೆ ಬೆಲೆ ನಿರ್ಧರಿಸುವುದು ವಯಸ್ಸಲ್ಲ, ಎಷ್ಟು ಉಳಿದಿವೆ ಮತ್ತು ಎಂಥ ಸ್ಥಿತಿಯಲ್ಲಿ ಉಳಿದಿವೆ ಎಂಬುದು. 1943ರಿಂದ 1947ರವರೆಗಿನ ತೂತಿನ ಪೈಸೆ ಎಂಬತ್ತು ವರ್ಷ ಹಳೆಯದಾದರೂ ಅಪಾರ ಸಂಖ್ಯೆಯಲ್ಲಿ ಅಚ್ಚಾದ್ದರಿಂದ ಅಗ್ಗ. ಕಮಲದ ಚಿತ್ರದ ಹಳದಿ 20 ಪೈಸೆಯಲ್ಲಿ ಚಿನ್ನವಿದೆಯೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಅದು ತಾಮ್ರ, ಅಲ್ಯೂಮಿನಿಯಂಗಳ ಮಿಶ್ರಲೋಹ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ 30ರಿಂದ ರದ್ದಾಗಿವೆ. ಎಂಟಾಣೆಯೆಂದು ಕರೆಯುವ 50 ಪೈಸೆಗೆ ಮಾತ್ರ ಕಾನೂನಿನ ಮಾನ್ಯತೆ ಉಳಿದಿದೆ. ಅಚ್ಚು ಸರಿದ, ಒಂದು ಮುಖ ಮೂಡದ ದೋಷದ ನಾಣ್ಯಗಳಿಗೆ ಸಂಗ್ರಾಹಕರು ಹೆಚ್ಚು ಹಣ ಕೊಡುವುದುಂಟು. ಆದರೆ ಸುತ್ತಿಗೆಯಿಂದ ತಟ್ಟಿ ದೋಷ ಸೃಷ್ಟಿಸುವ ಕೈಚಳಕವೂ ಈ ಪೇಟೆಯಲ್ಲಿದೆ.

ನಿಜವಾದ ಬೆಲೆಯಿರುವ ವಸ್ತು ಕಿಸೆಗಿಂತ ಹೆಚ್ಚಾಗಿ ಅಜ್ಜಿಯ ಟ್ರಂಕಿನಲ್ಲಿರುತ್ತದೆ. ವಿಕ್ಟೋರಿಯಾ ರಾಣಿಯಿಂದ ಐದನೆಯ ಜಾರ್ಜ್‌ವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇಕಡಾ 91.7ರಷ್ಟು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿಯ ಚಿತ್ರದ ರೂಪಾಯಿ ಬರೀ ನಿಕ್ಕಲ್. ಆರನೆಯ ಜಾರ್ಜ್ ಕಾಲದ 1939ರ ರೂಪಾಯಿ ನಿಜಕ್ಕೂ ಅಪರೂಪ. ಆದ್ದರಿಂದಲೇ ಅದರ ನಕಲಿಯೂ ಹೆಚ್ಚು. ದೀಪಾವಳಿಯ ಲಕ್ಷ್ಮೀಪೂಜೆಗೆ ಇಂಥ ನಾಣ್ಯಗಳನ್ನು ಹುಣಸೆಹಣ್ಣು, ಬೂದಿಯಿಂದ ತಿಕ್ಕಿ ಹೊಳೆಯಿಸುವ ರೂಢಿ ಮನೆಮನೆಯಲ್ಲಿದೆ. ಭಕ್ತಿಗೆ ಅದು ಸರಿ. ಆದರೆ ಅಕ್ಷರ ಸವೆದು, ಮೇಲ್ಮೈಯ ಸಹಜ ಬಣ್ಣ ಹೋದ ನಾಣ್ಯಕ್ಕೆ ಸಂಗ್ರಾಹಕ ಬೆಳ್ಳಿಯ ದರಕ್ಕಿಂತ ಹೆಚ್ಚು ಕೊಡಲಾರ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯದ ಪಾಡೂ ಅದೇ.

ನೆಲದೊಳಗಿನ ನಾಣ್ಯ

ಚಿಲ್ಲರೆಯ ಲಕ್ಷಕ್ಕೆ ಹಂಬಲಿಸುವ ಈ ತಾಲ್ಲೂಕುಗಳು ತಾವೇ ನಾಣ್ಯದ ಇತಿಹಾಸವುಳ್ಳವು. ಹನುಮಂತನ ಆಕೃತಿಯುಳ್ಳ ಚಿನ್ನದ ನಾಣ್ಯಗಳನ್ನು ವಿದ್ವಾಂಸರು ಹಾನಗಲ್ ಕದಂಬರ ತೋಯಿಮದೇವನವೆಂದು ಗುರುತಿಸಿದ್ದಾರೆ. 1948ರಲ್ಲಿ ಭಾರತದಲ್ಲಿ ವಿಲೀನವಾದ ಸವಣೂರು ಸಂಸ್ಥಾನದ ನವಾಬರ ಹೊನ್ನುಗಳೂ ದಾಖಲಾಗಿವೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರವೂ ಅವರ ಆಳ್ವಿಕೆಯಲ್ಲಿತ್ತು. 1824ರಲ್ಲಿ ಕಿತ್ತೂರಿನವರಿಗೆ ಸೆರೆಸಿಕ್ಕಿದ್ದ ಆಂಗ್ಲ ಅಧಿಕಾರಿ ವಾಲ್ಟರ್ ಎಲಿಯಟ್ ಧಾರವಾಡ ಸೀಮೆಯಲ್ಲಿ ಶಾಸನ, ನಾಣ್ಯಗಳನ್ನು ಅರಸಿದವನು. ದಕ್ಷಿಣ ಭಾರತದ ನಾಣ್ಯಗಳ ಕುರಿತ ಅವನ ಗ್ರಂಥ 1886ರಲ್ಲಿ ಪ್ರಕಟವಾಯಿತು.

ಹಿರೇಕೆರೂರು ಭಾಗದ ಹೊಲದಲ್ಲಿ ನೇಗಿಲಿಗೋ ಜೆಸಿಬಿಗೋ ಇಂಥದ್ದೊಂದು ಗಡಿಗೆ ತಗುಲಿದರೆ ಅದು ಹವ್ಯಾಸದ ವಿಷಯವಾಗಿ ಉಳಿಯುವುದಿಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ನೂರು ವರ್ಷ ಮೀರಿದ ನಾಣ್ಯವನ್ನು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಅಕ್ಕಸಾಲಿಗನ ಮೂಸೆಗೆ ಬಿದ್ದ ನಾಣ್ಯದಿಂದ ಗ್ರಾಂ ಲೆಕ್ಕದ ಹಣ ಬರಬಹುದು. ಅದನ್ನು ಅಚ್ಚು ಹಾಕಿಸಿದ ಅರಸನ ಹೆಸರು ಅಲ್ಲಿಗೆ ಮುಗಿಯುತ್ತದೆ.

ಹೊಸದಾಗಿ ಸಂಗ್ರಹ ಆರಂಭಿಸುವವರು ಹಳೆಯ ನಾಣ್ಯಗಳನ್ನು ಕಣ್ಣಾರೆ ಕಾಣಲು ದೂರ ಹೋಗಬೇಕಾಗಿಲ್ಲ. 1939ರಲ್ಲಿ ಸ್ಥಾಪನೆಯಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ಈ ನಾಲ್ಕೂ ತಾಲ್ಲೂಕುಗಳಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ದೂರದಲ್ಲಿದೆ. ಕನ್ನಡಿಗರೇ ಆದ ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಕುರಿತು ಬರೆದ ಗ್ರಂಥವೂ ಇದೆ. ಮನೆಯ ಬೆಳ್ಳಿ ರೂಪಾಯಿಯನ್ನು ಬಲ್ಲವರಿಗೆ ತೋರಿಸುವ ಮುನ್ನ ಹುಣಸೆಹಣ್ಣು ಮುಟ್ಟಿಸದಿದ್ದರೆ ಸಾಕು.