ಅಪ್ಪನ ಉಪ್ಪಿನ ಡಬ್ಬಿ

ಯುಗಾದಿಗೆ ಸಾಗರಕ್ಕೆ ಹೋದಾಗ ಅಪ್ಪನಿಗೆ ಹೇಳದೆ ಒಂದು ಕೆಲಸ ಮಾಡಿದೆ. ಅಡುಗೆಮನೆಯ ಉಪ್ಪು ಬದಲಿಸಿದೆ.

ಅಪ್ಪನಿಗೆ ಬಿಪಿ, ಶುಗರ್ ಎರಡೂ ಹಳೇದು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೂ ಆಯ್ತು. ಕರಿದದ್ದು ಬಿಟ್ಟರು, ಕಾಫಿಗೆ ಸಕ್ಕರೆ ಬಿಟ್ಟರು. ಮೊಸರನ್ನದ ಜೊತೆಗಿನ ಮಾವಿನ ಮಿಡಿ ಮಾತ್ರ ಬಿಡಲಿಲ್ಲ. “ಅದೊಂದು ಬಿಡು ಅನ್ನಬೇಡ ಮಾರಾಯ” ಅಂದರು. ಸರಿ ಅಂತ ‘ಕಡಿಮೆ ಸೋಡಿಯಂ’ ಉಪ್ಪು ತರಿಸಿ ಹಳೇ ಡಬ್ಬಿಗೆ ಸುರಿದೆ. ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ.

ಓದಿಕೊಂಡೇ ಮಾಡಿದ್ದು. ಸೋಡಿಯಂ ಹೆಚ್ಚಾದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತೆ, ರಕ್ತನಾಳದ ಗೋಡೆ ಮೇಲೆ ಒತ್ತಡ ಏರುತ್ತೆ. ವರ್ಷಗಟ್ಟಲೆ ಹೀಗೇ ನಡೆದರೆ ಆ ಗೋಡೆ ದಪ್ಪವಾಗಿ ಬಿರುಸಾಗುತ್ತೆ. ಪೊಟ್ಯಾಸಿಯಂ ಇದಕ್ಕೆ ಉಲ್ಟಾ. ಕಿಡ್ನಿ ಮೂಲಕ ಸೋಡಿಯಂ ಹೊರಹೋಗಲು ನೆರವಾಗುತ್ತೆ, ನಾಳದ ಸ್ನಾಯುವನ್ನು ಸಡಿಲ ಮಾಡುತ್ತೆ. ಚೀನಾದ 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆ ಇತ್ತು. ಗಂಭೀರ ಕಿಡ್ನಿ ಕಾಯಿಲೆ ಇರುವವರನ್ನು ಅದರಲ್ಲಿ ಸೇರಿಸಿಕೊಂಡೇ ಇರಲಿಲ್ಲ. ಆ ಸಾಲನ್ನು ನಾನು ಓದಿದ್ದು ಆಮೇಲೆ.

ಜೂನ್‌ನಲ್ಲಿ ಮಾಮೂಲಿ ರಕ್ತ ಪರೀಕ್ಷೆ. ಅಪ್ಪನ ಪೊಟ್ಯಾಸಿಯಂ 5.7. ಐದರ ಆಸುಪಾಸಿನೊಳಗೆ ಇರಬೇಕಾದದ್ದು. ಡಾಕ್ಟರ್ ಮೊದಲು ಕೇಳಿದ್ದೇ “ಮನೇಲಿ ಯಾವ ಉಪ್ಪು?” ಅಂತ. ಅಪ್ಪನ ಬಿಪಿ ಮಾತ್ರೆ ಟೆಲ್ಮಿಸಾರ್ಟನ್. ಪೊಟ್ಯಾಸಿಯಂ ಹೊರಹೋಗೋದನ್ನು ಅದೇ ಕಡಿಮೆ ಮಾಡುತ್ತೆ. ಶುಗರ್‌ನಿಂದ ಕಿಡ್ನಿಯೂ ಸ್ವಲ್ಪ ಸೋತಿತ್ತು. ಇದರ ಮೇಲೆ ನನ್ನ ಉಪ್ಪು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಅಮ್ಮ ಫೋನಲ್ಲಿ ಇದನ್ನೆಲ್ಲ ಹೇಳುವಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ, ಕೈ ತಣ್ಣಗಾಗಿತ್ತು. ಟೆಸ್ಟ್ ಮಾಡದ ಕೋಡನ್ನು ಸೀದಾ ಪ್ರೊಡಕ್ಷನ್‌ಗೆ ಹಾಕಿದರೆ ಟೀಮ್‌ನಲ್ಲಿ ಯಾರನ್ನೂ ಬಿಡೋನಲ್ಲ ನಾನು.

ಡಾಕ್ಟರ್ ಹೇಳಿದ ಹಾಗೆ ಮಾಮೂಲಿ ಉಪ್ಪು ವಾಪಸ್ ಬಂತು, ಆದರೆ ಅರ್ಧದಷ್ಟೇ. ಹಪ್ಪಳ ನಿಂತಿತು. ಸಾರಿಗೆ ನಿಂಬೆಹುಳಿ ಜಾಸ್ತಿ. ಎರಡು ವಾರಕ್ಕೆ ಪೊಟ್ಯಾಸಿಯಂ 4.8ಕ್ಕೆ ಇಳಿಯಿತು.

ಕಿಡ್ನಿ ಗಟ್ಟಿಯಿರುವ ನಮ್ಮ ವಯಸ್ಸಿನವರ ಕಥೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಪೊಟ್ಯಾಸಿಯಂ ಕನಿಷ್ಠ 3,510 ಮಿಲಿಗ್ರಾಂ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸಿಗೋದು ಸುಮಾರು 400, ಏಲಕ್ಕಿ ಬಾಳೆಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಒಂದು ಹಣ್ಣು ತಿಂದು ಸುಮ್ಮನಾದರೆ ಆಗಲ್ಲ. ಸೊಪ್ಪಿನ ಸಾರು, ಹೆಸರುಕಾಳು ಉಸಲಿ, ಎಳನೀರು ಎಲ್ಲ ಬೇಕು. ರಾತ್ರಿ ಹತ್ತಕ್ಕೆ ಆರ್ಡರ್ ಮಾಡೋ ಗೋಬಿ ಮಂಚೂರಿಯಲ್ಲಿ ಉಪ್ಪು, ಸೋಯಾ ಸಾಸ್ ಎರಡೂ ಇರುತ್ತೆ. ನಾನು ಅದನ್ನು ಪೂರ್ತಿ ಬಿಟ್ಟಿಲ್ಲ, ಶುಕ್ರವಾರಕ್ಕೆ ಸೀಮಿತ ಮಾಡಿದ್ದೀನಿ.

ಅಪ್ಪನಿಗೆ ಕೊನೆಗೂ ವಿಷಯ ಗೊತ್ತಾಯ್ತು. ಬೈಯಲಿಲ್ಲ. “ನನ್ನ ಹತ್ರ ಒಂದು ಮಾತು ಹೇಳಿದ್ರೆ ಮಿಡಿನೇ ಬಿಡ್ತಿದ್ದೆನಲ್ಲೋ” ಅಂದರು.

ಹೋದ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ತಟ್ಟೆಯಲ್ಲಿ ಅರ್ಧ ಮಿಡಿ ಇತ್ತು.