ಆನೆಗೆ ಮನೆಯೋ, ನಮಗೆ ನೋಟವೋ?

ಮೃಗಾಲಯದಲ್ಲಿ ಆನೆಗೆ ಜಾಗ ಕಟ್ಟುವ ಮಾತು ಬಂದಾಗಲೆಲ್ಲ ಮೂರು ಪದಗಳು ಒಟ್ಟಿಗೇ ಕೇಳಿಬರುತ್ತವೆ: ಪ್ರಾಣಿಯ ಕ್ಷೇಮ, ಸೌಂದರ್ಯ, ಶಿಕ್ಷಣ. ಮೂರನ್ನೂ ‘ಸಮತೋಲ’ದಲ್ಲಿ ಇಡಬೇಕು ಅಂತ ಹೇಳಿ ದೊಡ್ಡವರು ಮಾತು ಮುಗಿಸುತ್ತಾರೆ. ಕೇಳುವುದಕ್ಕೆ ಹಿತವಾಗಿಯೇ ಇದೆ. ಆದರೆ ಸ್ವಲ್ಪ ನಿಂತು ಯೋಚಿಸಿ. ಸೌಂದರ್ಯ ಯಾರಿಗೆ? ಟಿಕೇಟು ಕೊಂಡು ಬಂದ ನಮಗೆ. ಶಿಕ್ಷಣ ಯಾರಿಗೆ? ಅದೂ ನಮಗೇ. ಮೂರರಲ್ಲಿ ಎರಡು ನಮ್ಮ ಪಾಲು, ಒಂದು ಮಾತ್ರ ಆನೆಯದು. ತೂಗುವವರೂ ನಾವೇ, ಕೊಳ್ಳುವವರೂ ನಾವೇ ಆದಮೇಲೆ ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ಬೇರೆ ಹೇಳಬೇಕೆ?

ನನ್ನ ವಾದ ಇಷ್ಟೇ: ಈ ಮೂರೂ ಒಂದೇ ಸಾಲಿನಲ್ಲಿ ಕೂರತಕ್ಕವಲ್ಲ. ಮೊದಲು ಆನೆಯ ಬಾಳು ನೆಟ್ಟಗಾಗಬೇಕು. ಚೆಲುವು ಅದರಿಂದ ಹುಟ್ಟಬೇಕು, ಪಾಠವೂ ಅದರಿಂದಲೇ ಸಿಗಬೇಕು. ಈ ಕ್ರಮ ತಪ್ಪಿದರೆ ಆನೆಯೊಂದೇ ಅಲ್ಲ, ಉಳಿದ ಎರಡೂ ಕೆಡುತ್ತವೆ.

ಆನೆಗೆ ಬೇಕಾದ್ದೇನು? ಬೆಳೆದ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ, ನೂರು ಲೀಟರಿಗೂ ಮಿಕ್ಕಿ ನೀರು ಕುಡಿಯುತ್ತದೆ. ಕಾಡಿನಲ್ಲಾದರೆ ದಿನದ 16-18 ಗಂಟೆ ಮೇವು ಹುಡುಕುವುದರಲ್ಲೇ, ಅಂದರೆ ನಡೆಯುವುದರಲ್ಲೇ, ಕಳೆಯುತ್ತದೆ. ಹೆಣ್ಣಾನೆಗಳು ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರ ಜೊತೆ ಬಾಳುತ್ತವೆ. ಹಿರಿಯ ಹೆಣ್ಣೇ ಮನೆಯ ಯಜಮಾನಿ. ಇನ್ನು ಅದರ ಪಾದ ಮಣ್ಣಿಗಾಗಿ ಆದದ್ದು. ವರ್ಷಗಟ್ಟಲೆ ಕಾಂಕ್ರೀಟಿನ ಮೇಲೆ ನಿಂತರೆ ಅಂಗಾಲು ಬಿರಿಯುತ್ತದೆ, ಉಗುರು ಕೀವಾಗುತ್ತದೆ, ಕೀಲು ಹಿಡಿಯುತ್ತದೆ. ಇದೆಲ್ಲ ತಿಳಿದಿದ್ದೂ ನಾವು ಕಟ್ಟಿದ್ದೇನು ನೋಡೋಣ.

ಲಂಡನ್ ಮೃಗಾಲಯದ ಆನೆ-ಖಡ್ಗಮೃಗಗಳ ಮಂಟಪ 1965ರಲ್ಲಿ ಮುಗಿಯಿತು. ಹ್ಯೂ ಕ್ಯಾಸನ್ ಮತ್ತು ನೆವಿಲ್ ಕಾಂಡರ್ ಅದರ ವಾಸ್ತುಶಿಲ್ಪಿಗಳು. ಹೊರಗೋಡೆ ಆನೆಯ ಚರ್ಮದ ಹಾಗೆ ಗೀರುಗೀರಾದ ಕಾಂಕ್ರೀಟು. ಒಳಗೆ ನೋಡುವವರು ಅರೆಗತ್ತಲೆಯಲ್ಲಿ, ಮೇಲಿನಿಂದ ಬೀಳುವ ಬೆಳಕಿನಲ್ಲಿ ಪ್ರಾಣಿ: ಥೇಟ್ ನಾಟಕದ ರಂಗ. ಕಲೆ ಅಂತ ನೋಡಿದರೆ ಅದ್ಭುತವೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ನಟನಿಗೆ ಆಟ ಮುಗಿದ ಮೇಲೆ ಮನೆಯಿದೆ, ಆನೆಗೆ ರಂಗವೇ ಮನೆ. 2001ರಲ್ಲಿ ಪಾಲಕನೊಬ್ಬ ಅಲ್ಲಿಯ ಆನೆಗೆ ಸಿಕ್ಕಿ ಸತ್ತ. ಅದೇ ವರ್ಷ ಉಳಿದಿದ್ದ ಮೂರು ಆನೆಗಳನ್ನೂ ಊರ ಹೊರಗಿನ ವಿಪ್ಸ್‌ನೇಡಿನ ಬಯಲಿಗೆ ಸಾಗಿಸಿದರು. ಕಟ್ಟಡ ಮಾತ್ರ ಕಾನೂನಿನ ರಕ್ಷಣೆ ಪಡೆದು ಇಂದಿಗೂ ನಿಂತಿದೆ. ಆನೆಗೆಂದು ಕಟ್ಟಿದ್ದು ಉಳಿಯಿತು, ಆನೆ ಉಳಿಯಲಿಲ್ಲ!

‘ಅದು ಕಾಂಕ್ರೀಟಿನ ಕಾಲ ಮಾರಾಯರೆ, ಈಗ ಎಲ್ಲ ಹಸಿರು’ ಎನ್ನಬಹುದು. ಸರಿ, ಹಸಿರಿಗೇ ಬರೋಣ. ಅಮೆರಿಕದ ಸಿಯಾಟಲ್ ನಗರದ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯ 1970ರ ದಶಕದಲ್ಲಿ ಹೊಸ ಶೈಲಿಯೊಂದನ್ನು ಜಗತ್ತಿಗೆ ಕೊಟ್ಟಿತು. ಬೇಲಿ, ಗೋಡೆ ಕಣ್ಣಿಗೆ ಬೀಳದ ಹಾಗೆ ಮರೆಮಾಡಿ, ನೋಡುವವನಿಗೂ ತಾನು ಕಾಡಿನೊಳಗೇ ಇದ್ದೇನೆ ಅನ್ನಿಸುವಂತೆ ಮಾಡುವ ಶೈಲಿ. ಅದರಂತೆ 1989ರಲ್ಲಿ ಅಲ್ಲಿ ‘ಆನೆಯ ಕಾಡು’ ತೆರೆಯಿತು. ಥಾಯ್ಲೆಂಡಿನ ಗುಡಿಯನ್ನು ನೆನಪಿಸುವ ಕೊಟ್ಟಿಗೆ, ಮರದ ದಿಮ್ಮಿ ಎಳೆಯುವ ಶಿಬಿರದ ಸಜ್ಜು, ಕೊಳ. ನೋಡುವವನ ಕಣ್ಣಿಗೆ ಅದು ಆಗ್ನೇಯ ಏಷ್ಯಾ. ಆನೆಯ ಕಾಲಿಗೆ? ಸುಮಾರು ಒಂದು ಎಕರೆ. ಇಂಥ ಕಾಡುಗಳಲ್ಲಿ ಮರಕ್ಕೆ ಆನೆ ಸೊಂಡಿಲು ಚಾಚದಂತೆ ವಿದ್ಯುತ್ ತಂತಿ ಕಟ್ಟುವುದು ರೂಢಿ. ಅಂದರೆ ಮರ ನಮ್ಮ ಕಣ್ಣಿಗೆ ಉಂಟು, ಆನೆಯ ಬಾಯಿಗೆ ಇಲ್ಲ. ಊರಿನಲ್ಲಿ ವರ್ಷಗಟ್ಟಲೆ ವಿವಾದ ನಡೆದು, ಕೊನೆಗೆ 2015ರಲ್ಲಿ ಉಳಿದೆರಡು ಆನೆಗಳನ್ನು ಒಕ್ಲಹಾಮ ನಗರಕ್ಕೆ ಕಳಿಸಿ ಆ ಕಾಡಿಗೆ ಬೀಗ ಹಾಕಿದರು.

ಇಲ್ಲೊಂದು ಕಹಿಯಾದ ತಮಾಷೆಯಿದೆ. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಯುರೋಪಿನ ಮೃಗಾಲಯಗಳಲ್ಲೇ ಹುಟ್ಟಿದ ಏಷ್ಯಾದ ಹೆಣ್ಣಾನೆಯ ಮಧ್ಯಮ ಆಯುಸ್ಸು 18.9 ವರ್ಷ. ಬರ್ಮಾದ ಕಾಡಿನಲ್ಲಿ ದಿಮ್ಮಿ ಎಳೆಯುವ ಹೆಣ್ಣಾನೆಯದು 41.7 ವರ್ಷ. ದುಡಿಯುವ ಆನೆ, ಕೂತು ತಿನ್ನುವ ಆನೆಗಿಂತ ಎರಡು ಪಟ್ಟು ಬದುಕಿತು! ಯಾಕೆ? ಅದು ನಡೆಯುತ್ತದೆ, ಕೆಲಸ ಮುಗಿದ ಮೇಲೆ ಕಾಡಿನಲ್ಲಿ ಮೇಯುತ್ತದೆ, ತನ್ನವರ ಜೊತೆ ಇರುತ್ತದೆ. ಸಿಯಾಟಲಿನವರು ದಿಮ್ಮಿ ಶಿಬಿರದ ಸಜ್ಜನ್ನು ತಂದರು, ಅಲ್ಲಿಯ ಆನೆಗಿರುವ ಬದುಕನ್ನು ತರಲಿಲ್ಲ. ದುಡಿಮೆಯ ಸರಪಳಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅದಕ್ಕಿಂತಲೂ ಕಡಿಮೆ ಆಯುಸ್ಸು ಕೊಡುವ ಚೆಂದದ ಮನೆಯನ್ನು ಏನೆಂದು ಕರೆಯೋಣ ಎಂದಷ್ಟೇ ಕೇಳುತ್ತಿದ್ದೇನೆ.

ಇನ್ನು ಶಿಕ್ಷಣ. ‘ಪಟ್ಟಣದ ಮಕ್ಕಳು ಆನೆಯನ್ನು ಇನ್ನೆಲ್ಲಿ ನೋಡಬೇಕು?’ ಇದು ಎಲ್ಲರಿಗಿಂತ ಗಟ್ಟಿಯಾದ ಎದುರು ವಾದ, ತಳ್ಳಿಹಾಕುವಂಥದಲ್ಲ. ಚಿತ್ರದಲ್ಲಿ ಸಿಗದ ಏನೋ ಒಂದು ಜೀವಂತ ಆನೆಯ ಉಸಿರಿನಲ್ಲಿದೆ. ಆದರೆ ಮಗು ನೋಡುವುದೇನು? ಒಂಟಿಯಾಗಿ ಕಟ್ಟಿದ ಆನೆ ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುತ್ತದೆ, ಗಂಟೆಗಟ್ಟಲೆ. ಅದು ಬೇಸರದ, ಸೆರೆಯ ಗುರುತು. ಅಪ್ಪ ಹೇಳುವುದೋ, ‘ನೋಡು ಪುಟ್ಟಾ, ಆನೆ ಡಾನ್ಸ್ ಮಾಡ್ತಾ ಇದೆ!’ ಇದು ಶಿಕ್ಷಣವೆ? ಸುಳ್ಳನ್ನು ಕಲಿಸಲು ಇಷ್ಟು ದೊಡ್ಡ ಪ್ರಾಣಿ ಬೇಕೆ?

ದೂರ ಹೋಗುವುದು ಬೇಡ. 1998ರಲ್ಲಿ ಜಿಂಬಾಬ್ವೆ ನಮ್ಮ ರಾಷ್ಟ್ರಪತಿಗಳಿಗೆ ಕಾಣಿಕೆಯಾಗಿ ಕೊಟ್ಟ ಆಫ್ರಿಕದ ಆನೆ ಶಂಕರ್ ದಿಲ್ಲಿಯ ಮೃಗಾಲಯದಲ್ಲಿತ್ತು. ಜೊತೆಗೆ ಬಂದ ಹೆಣ್ಣಾನೆ ಕೆಲವೇ ವರ್ಷಗಳಲ್ಲಿ ಸತ್ತಿತು. ಆಮೇಲೆ ಅದು ತನ್ನ ಜಾತಿಯ ಇನ್ನೊಂದು ಜೀವ ಕಾಣದೆ ಬಹುಕಾಲ ಒಂಟಿಯಾಗಿ ಕಳೆಯಿತು. 2024ರಲ್ಲಿ ಮೃಗಾಲಯಗಳ ಜಾಗತಿಕ ಸಂಘ ಇದೇ ಕಾರಣಕ್ಕೆ ದಿಲ್ಲಿಯ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಶಂಕರ್ ಸತ್ತಿತು. ವಯಸ್ಸು ಮೂವತ್ತೂ ತುಂಬಿರಲಿಲ್ಲ. ಕಾಲು ಶತಮಾನ ಅದನ್ನು ನೋಡಿ ಹೋದ ಜನ ಆಫ್ರಿಕದ ಆನೆಯ ಬಗ್ಗೆ ಕಲಿತದ್ದೇನು? ಕಿವಿ ದೊಡ್ಡದು ಅಂತ. ಅದಕ್ಕೆ ಬಂಧುಬಳಗ ಬೇಕು ಅನ್ನೋದನ್ನು ಯಾವ ಫಲಕವೂ ಕಲಿಸಲಾರದು, ಪಕ್ಕದಲ್ಲಿ ಬಂಧುಬಳಗವೇ ಇಲ್ಲದಿದ್ದಾಗ.

ಹಾಗಾದರೆ ಚೆಲುವಿಗೂ ಕ್ಷೇಮಕ್ಕೂ ಹುಟ್ಟು ಹಗೆಯೇ? ಅಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮೃಗಾಲಯದಲ್ಲಿ 2014ರಲ್ಲಿ ತೆರೆದ ಆನೆ ನೆಲೆಯನ್ನು ನೋಡಿ. ಮರದ ಪಟ್ಟಿಗಳನ್ನು ಹೆಣೆದು ಮಾಡಿದ ಚಿಪ್ಪಿನಂಥ ಛಾವಣಿ, ಅದರಲ್ಲಿ 271 ಬೆಳಕಿಂಡಿ. ಬಹಳ ಚೆಲುವಾದ ಕಟ್ಟಡ. ಆದರೆ ಅದರ ಜಾಣತನ ಇರುವುದು ಗೋಡೆಯಲ್ಲಿ: ಅಲ್ಲಲ್ಲಿ ಅಡಗಿಸಿದ ಮೇವಿನ ಪೆಟ್ಟಿಗೆಗಳು ಬೇರೆ ಬೇರೆ ಹೊತ್ತಿನಲ್ಲಿ ತೆರೆದುಕೊಳ್ಳುತ್ತವೆ. ಆನೆ ಮೂಸುತ್ತಾ, ತಡಕುತ್ತಾ, ನಡೆಯುತ್ತಲೇ ಇರಬೇಕು. ಅದರ ಹಸಿವು, ಅದರ ಬುದ್ಧಿ, ಅದರ ನಡಿಗೆಯೇ ನೋಟವಾಯಿತು, ಪಾಠವೂ ಆಯಿತು. ನಾನು ಹೇಳುವ ಕ್ರಮ ಇದೇ. ಇಷ್ಟಾದರೂ 2022ರಲ್ಲಿ ಅಲ್ಲಿ ಹರ್ಪಿಸ್ ವೈರಸ್ಸಿಗೆ ಮೂರು ಎಳೆಯ ಆನೆಗಳು ಬಲಿಯಾದವು. ಕಾಡಿನಲ್ಲೂ ಇರುವ ರೋಗವದು. ಒಳ್ಳೆಯ ವಿನ್ಯಾಸ ಎಲ್ಲದಕ್ಕೂ ಮದ್ದಲ್ಲ ಅನ್ನೋದೂ ನಮಗೆ ನೆನಪಿರಲಿ.

ನಮ್ಮ ದೇಶದಲ್ಲಿ ಕಾನೂನಿನ ಮಾತು ಆಗಲೇ ಬಂದಿದೆ. 2009ರ ನವೆಂಬರಿನಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ, ಮೃಗಾಲಯ ಮತ್ತು ಸರ್ಕಸ್ಸುಗಳಲ್ಲಿರುವ ಆನೆಗಳನ್ನು ಕಾಡಿನ ಶಿಬಿರಗಳಿಗೆ, ಪುನರ್ವಸತಿ ನೆಲೆಗಳಿಗೆ ಕಳಿಸಬೇಕೆಂದು ಸೂಚಿಸಿತು. ಅದಾದ ಮೇಲೂ ಹಲವು ಕಡೆ ಆನೆ ಉಳಿದೇ ಇದ್ದವು. ದೇಶದಲ್ಲೇ ಹೆಚ್ಚು ಕಾಡಾನೆಗಳಿರುವ ನಮ್ಮ ಕರ್ನಾಟಕದಿಂದ, ಬನ್ನೇರುಘಟ್ಟದ ನಾಲ್ಕು ಆನೆಗಳು 2025ರ ಜುಲೈಯಲ್ಲಿ ವಿಮಾನ ಹತ್ತಿ ಜಪಾನಿನ ಹಿಮೇಜಿಗೆ ಹೋದವು. ಬದಲಿಗೆ ಚೀತಾ, ಜಾಗ್ವಾರ್, ಚಿಂಪಾಂಜಿ ಬರುವ ಒಪ್ಪಂದ. ವಿನಿಮಯದ ಪಟ್ಟಿ ಪತ್ರಿಕೆಗಳಲ್ಲಿ ಬಂತು. ನೆಲ ಎಷ್ಟು, ಚಳಿಗಾಲ ಹೇಗೆ, ಸಂಗಾತ ಯಾರು ಎಂಬ ಪ್ರಶ್ನೆ ಕೇಳಿದವರು ನಮ್ಮ ಕನ್ನಡಿಗರಲ್ಲಿ ಎಷ್ಟು ಮಂದಿ?

ಮುಂಬಯಿಯ ನಮಗಂತೂ ಒಂದು ಅನುಕೂಲವಿದೆ. ಘಾರಾಪುರಿಗೆ ‘ಎಲಿಫೆಂಟಾ’ ಎಂಬ ಹೆಸರು ತಂದುಕೊಟ್ಟ ಕಲ್ಲಾನೆ ಬೈಕಲಾದ ರಾಣಿಬಾಗಿನಲ್ಲಿದೆ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತಹೋಗಿ ಬೀಳಿಸಿ ಒಡೆದರು. ಆ ತುಂಡುಗಳನ್ನೇ ತಂದು 1914ರಲ್ಲಿ ಜೋಡಿಸಿ ನಿಲ್ಲಿಸಿದರು. ನಿಂತಲ್ಲೇ ನಿಲ್ಲುವುದು, ಜನ ಬಂದು ನೋಡುವುದು: ಆ ಕೆಲಸಕ್ಕೆ ಕಲ್ಲಾನೆಯೇ ಸರಿ. ಒಂದು ಎಕರೆ ಕೊಡಲೂ ಆಗದ ಪಟ್ಟಣಕ್ಕೆ ಜೀವಂತ ಆನೆ ಬೇಡ. ಮಕ್ಕಳಿಗೆ ತೋರಿಸಲೇಬೇಕೆಂದರೆ ರಜೆಯಲ್ಲಿ ಊರಿಗೆ ಹೋದಾಗ ದುಬಾರೆಗೋ ಸಕ್ರೆಬೈಲಿಗೋ ಕರೆದುಕೊಂಡು ಹೋಗಿ. ಅಲ್ಲಿ ಸರಪಳಿಯೂ ಉಂಟು, ಮಾವುತನೂ ಉಂಟು, ಹೊಳೆಯೂ ಉಂಟು. ಕೇಳುವ ಮಗುವಿಗೆ ಸರಪಳಿ ಯಾಕೆಂದು ನಿಜವಾದ ಉತ್ತರ ಹೇಳಿ. ಪಾಠ ಶುರುವಾಗುವುದು ಅಲ್ಲಿಂದ.

ಒಪ್ಪದವರು ನಮ್ಮಲ್ಲೇ ಇದ್ದಾರೆಂದು ಬಲ್ಲೆ. ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಗಳ ಮುಂದುವರಿಸೋಣ.