ಪೃಥಕ್ಕರಣ ಶಾಸ್ತ್ರಜ್ಞರ ಸಭೆಗಳೂ ರೈತನ ಕಣವೂ

ದೂರದೇಶಗಳ ಪಟ್ಟಣಗಳಲ್ಲಿ ರಸಾಯನಶಾಸ್ತ್ರಜ್ಞರು ವರ್ಷವರ್ಷವೂ ಸಭೆ ಸೇರಿ, ಕೊಳವೆಗಳ ವಿಷಯವಾಗಿಯೂ ಯಂತ್ರಗಳ ವಿಷಯವಾಗಿಯೂ ಚರ್ಚಿಸಿ ಹಿಂತಿರುಗುವುದರಿಂದ ಬೇಸಾಯಗಾರನಿಗೆ ಆಗತಕ್ಕ ಪ್ರಯೋಜನವೇನೆಂದು ಗ್ರಾಮಗಳ ಮುಖಂಡರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಪ್ರಯೋಜನವೇ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಕಡಲೆಕಾಯಿಗೂ ದ್ರಾಕ್ಷಿಗೂ ಮೆಣಸಿನಕಾಯಿಗೂ ಪರದೇಶದ ಬಂದರಿನಲ್ಲಿ ಸಿಕ್ಕುವ ಬೆಲೆಯು, ಅಥವಾ ಸಿಕ್ಕದೆ ಹೋಗುವ ಬೆಲೆಯು, ಇಂತಹ ಸಭೆಗಳಲ್ಲಿ ಚರ್ಚಿತವಾಗಿ ಒಪ್ಪಿತವಾದ ಪರೀಕ್ಷಾ ಕ್ರಮಗಳನ್ನು ಅವಲಂಬಿಸಿರುತ್ತದೆ. ಸಭೆಗಳಲ್ಲಿ ಕೊರತೆಯೇ ಇಲ್ಲವೆಂದಲ್ಲ. ಉಂಟು, ಅದನ್ನೂ ಮುಂದೆ ಹೇಳಬೇಕಾಗಿದೆ.

ಈ ಬಗೆಯ ಸಭೆಗಳ ಮೂಲವನ್ನು ಹುಡುಕುತ್ತ ಹೋದರೆ ರೈತನ ಗೊಬ್ಬರದ ಚೀಲವೇ ಕಾಣಸಿಗುತ್ತದೆ. ಅಮೆರಿಕಾ ದೇಶದಲ್ಲಿ ಒಂದೇ ಗೊಬ್ಬರವನ್ನು ಒಬ್ಬೊಬ್ಬ ರಸಾಯನಶಾಸ್ತ್ರಜ್ಞನು ಒಂದೊಂದು ವಿಧವಾಗಿ ಪರೀಕ್ಷಿಸಿ ಒಂದೊಂದು ಲೆಕ್ಕವನ್ನು ಕೊಡುತ್ತಿದ್ದ ಕಾಲವೊಂದಿತ್ತು. ಹೀಗಿರುವಲ್ಲಿ ಮಾರುವವನು ತನಗೆ ಅನುಕೂಲವಾದ ಲೆಕ್ಕವನ್ನೇ ತೋರಿಸಬಹುದಷ್ಟೆ. ಕೊಳ್ಳುವ ರೈತನಿಗೆ ಯಾವುದು ನಿಜವೆಂದು ತಿಳಿಯುವ ದಾರಿಯೇ ಇರಲಿಲ್ಲ. 1884ನೆಯ ಇಸವಿಯಲ್ಲಿ ಸರ್ಕಾರಿ ವ್ಯವಸಾಯ ರಸಾಯನಶಾಸ್ತ್ರಜ್ಞರು ಫಿಲಡೆಲ್ಫಿಯಾ ನಗರದಲ್ಲಿ ಕೂಡಿ, ಎಲ್ಲರೂ ಒಂದೇ ಕ್ರಮದಲ್ಲಿ ಪರೀಕ್ಷೆ ನಡೆಸತಕ್ಕದ್ದೆಂದು ಸಂಘವೊಂದನ್ನು ಸ್ಥಾಪಿಸಿದರು. ಎ.ಓ.ಎ.ಸಿ. ಎಂಬ ಹೆಸರಿನಿಂದ ಆ ಸಂಘವು ಇಂದಿಗೂ ನಡೆದುಕೊಂಡು ಬರುತ್ತಿದೆ. ಅದು ಒಪ್ಪಿದ ಕ್ರಮಗಳಿಗೆ ಅನೇಕ ದೇಶಗಳಲ್ಲಿ ಮನ್ನಣೆಯಿದೆ.

ಈಗಿನ ಸಭೆಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬರುವುದು ಕ್ರೊಮ್ಯಾಟೋಗ್ರಫಿ, ಎಂದರೆ ವರ್ಣಲೇಖನವೆಂಬ ವಿದ್ಯೆ. ಇದೂ ಒಂದು ಸಭೆಯಲ್ಲಿಯೇ ಬೆಳಕಿಗೆ ಬಂದುದು. ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯದ ಸಸ್ಯಶಾಸ್ತ್ರಜ್ಞನು 1903ರಲ್ಲಿ ವಾರ್ಸಾ ನಗರದ ನಿಸರ್ಗಶಾಸ್ತ್ರಜ್ಞರ ಸಭೆಯಲ್ಲಿ ಇದನ್ನು ವಿವರಿಸಿದನು. 1906ರಲ್ಲಿ ಇದಕ್ಕೆ ಹೆಸರನ್ನೂ ಇಟ್ಟನು. ಆತನ ಕುಲನಾಮಕ್ಕೂ ರಷ್ಯನ್ ಭಾಷೆಯಲ್ಲಿ ಬಣ್ಣವೆಂದೇ ಅರ್ಥವಂತೆ! ಸೀಮೆಸುಣ್ಣದ ಪುಡಿಯನ್ನು ಗಾಜಿನ ಕೊಳವೆಯಲ್ಲಿ ಒತ್ತಾಗಿ ತುಂಬಿ, ಎಲೆಯಿಂದ ತೆಗೆದ ಹಸುರು ರಸವನ್ನು ಮೇಲಿನಿಂದ ಇಳಿಸಿದರೆ, ಒಂದೇ ಹಸುರೆಂದು ತೋರುತ್ತಿದ್ದುದು ಹಸುರು ಹಳದಿಗಳ ಬೇರೆಬೇರೆ ಪಟ್ಟೆಗಳಾಗಿ ಒಡೆದು ನಿಲ್ಲುವುದು. ಸಂತೆಯಿಂದ ಒಂದೇ ದಾರಿಯಲ್ಲಿ ಹೊರಟ ಗುಂಪಿನಲ್ಲಿ, ಅಂಗಡಿ ಅಂಗಡಿಗೂ ನಿಲ್ಲುವವನು ಹಿಂದಾಗಿ, ಎಲ್ಲಿಯೂ ನಿಲ್ಲದವನು ಮೊದಲು ಊರು ಸೇರುವಂತೆಯೇ ಇದೂ ಸಹ. ಸುಣ್ಣದ ಪುಡಿಗೆ ಅಂಟಿಕೊಳ್ಳುವ ಪದಾರ್ಥವು ಮೇಲೆಯೇ ಉಳಿಯುತ್ತದೆ, ಅಂಟದಿರುವುದು ಕೆಳಗಿಳಿಯುತ್ತದೆ. ಇಂದಿನ ಯಂತ್ರಗಳು ಎಷ್ಟೇ ದುಬಾರಿಯಾಗಿರಲಿ, ಒಳಗಿನ ಮರ್ಮ ಇಷ್ಟೆ. ತ್ಸ್ವೆಟ್ಟನ ಮಾತನ್ನು ಬಹುಮಂದಿ ಲಕ್ಷಿಸಲಿಲ್ಲ. 1931ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಈ ವಿದ್ಯೆಯು ಪುನಃ ಚಿಗುರಿತು.

ಇದರ ಬಲವೆಷ್ಟೆಂಬುದು ಬೇಸಾಯದ ಪ್ರಪಂಚಕ್ಕೆ ಗೊತ್ತಾದುದು ಕಡಲೆಕಾಯಿಯ ಮೂಲಕ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೆ ಮೇಲ್ಪಟ್ಟು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತುವು. ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯ ಮೇಲೆ ಸಂಶಯ ಹೋಯಿತು. ಹಿಂಡಿಯ ಸಾರವನ್ನು ವರ್ಣಲೇಖನಕ್ಕೆ ಒಳಪಡಿಸಿ ಅತಿನೇರಳೆ ಬೆಳಕಿನಲ್ಲಿ ನೋಡಲಾಗಿ, ನೀಲಿ ಮತ್ತು ಹಸುರು ಬಣ್ಣದಲ್ಲಿ ಹೊಳೆಯುವ ವಿಷಗಳು ಬೇರ್ಪಟ್ಟು ಕಂಡುಬಂದವು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಹುಟ್ಟಿಸುವ ಈ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಈಗ ಯುರೋಪಿನ ಒಕ್ಕೂಟದ ನಿಯಮದಂತೆ, ನೇರವಾಗಿ ತಿನ್ನತಕ್ಕ ಕಡಲೆಕಾಯಿಯಲ್ಲಿ ಇದು ಕಿಲೋಗ್ರಾಮಿಗೆ 4 ಮೈಕ್ರೋಗ್ರಾಮನ್ನು ಮೀರಕೂಡದು. ಎಂದರೆ 1000 ಕಿಲೋಗ್ರಾಂ ಬೀಜದಲ್ಲಿ 4 ಮಿಲಿಗ್ರಾಂ ಮಾತ್ರ.

ಇಷ್ಟು ಸೂಕ್ಷ್ಮವಾದ ಮಿತಿಯು ಕೊಳ್ಳುವವರ ಕುಟಿಲತೆಯಲ್ಲದೆ ಬೇರೇನಲ್ಲವೆಂಬ ವಾದವೂ ಕೇಳಿಬರುತ್ತದೆ. ಕೆಲವು ಕೀಟನಾಶಕಗಳ ವಿಷಯದಲ್ಲಿ ಈ ವಾದವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಯಂತ್ರಕ್ಕೆ ಕಾಣುವ ಕನಿಷ್ಠ ಪ್ರಮಾಣವನ್ನೇ ಕಾನೂನಿನ ಮಿತಿಯನ್ನಾಗಿ ಇಟ್ಟಿರುವ ಸಂದರ್ಭಗಳುಂಟು. ಬೂಷ್ಟಿನ ವಿಷದ ಮಾತು ಹಾಗಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತು ಪ್ರಾಂತಗಳ ಹಳ್ಳಿಗಳಲ್ಲಿ ಅಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡ ಬಡಜನರು ಕಾಮಾಲೆ ಬಂದು, ಹೊಟ್ಟೆ ಊದಿಕೊಂಡು, 106 ಮಂದಿ ಮೃತಪಟ್ಟರು. ಅದಕ್ಕೆ ಮುಂಚೆ ಊರಿನ ನಾಯಿಗಳಿಗೂ ಅದೇ ರೋಗ ತಗಲಿತ್ತು. ಬಂದರಿನಲ್ಲಿ ತಿರಸ್ಕೃತವಾದ ಮಾಲಿಗಾಗಿ ವ್ಯಥೆಪಡುವ ಭೂಮಾಲೀಕರು, ಪರೀಕ್ಷೆಯೇ ಇಲ್ಲದೆ ಮನೆಯಲ್ಲಿ ಉಳಿದ ಮಾಲು ಎಲ್ಲಿಗೆ ಹೋಗುತ್ತದೆಂಬುದನ್ನೂ ಆಲೋಚಿಸಬೇಕು. ಆರಿಸಿ ಬಿಸುಟ ಸುಕ್ಕು ಬೀಜವು ಗಾಣಕ್ಕೆ, ಹಿಂಡಿಯು ದನಕ್ಕೆ, ಹಿಂಡಿಯ ವಿಷದಲ್ಲೊಂದು ಪಾಲು ಹಾಲಿನ ಮೂಲಕ ಮಗುವಿನ ಬಟ್ಟಲಿಗೆ.

ಪ್ರಾಮಾಣಿಕನಾದ ಬೆಳೆಗಾರನಿಗಂತೂ ಈ ವಿದ್ಯೆಯು ಸಾಕ್ಷಿಯಾಗಿ ನಿಲ್ಲುತ್ತದೆ. 2003ರಲ್ಲಿ ಭಾರತದಿಂದ ಯುರೋಪಿಗೆ ಹೋದ ಮೆಣಸಿನಕಾಯಿ ಪದಾರ್ಥಗಳಲ್ಲಿ ಸೂಡಾನ್ ಎಂಬ ನಿಷಿದ್ಧ ಬಣ್ಣವು ಸಿಕ್ಕಿಬಿದ್ದಿತು. ಕಣ್ಣಿಗೆ ಎರಡೂ ಕೆಂಪೇ. ವರ್ಣಲೇಖನದಲ್ಲಾದರೋ ಗಿಡದ ಕೆಂಪು ಬೇರೆ, ಕಾರ್ಖಾನೆಯ ಕೆಂಪು ಬೇರೆ. ಬ್ಯಾಡಗಿಯ ಮೆಣಸಿನಕಾಯಿಯಂತೆ ಸಹಜವಾದ ಬಣ್ಣಕ್ಕಾಗಿಯೇ ಹೆಸರಾದ ಮಾಲನ್ನು ಬೆಳೆಯುವವರು ಇಂತಹ ಪರೀಕ್ಷೆಗೆ ಅಂಜಬೇಕಾದುದಿಲ್ಲ.

ದ್ರಾಕ್ಷಿಯ ಕಥೆಯು ಇದಕ್ಕಿಂತ ಹೆಚ್ಚು ವಿಚಾರಾರ್ಹವಾದುದು. 2002ರಲ್ಲಿ ರೋಮ್ ನಗರದಲ್ಲಿ ಸೇರಿದ ಔಷಧಿ ಶೇಷದ ಪರೀಕ್ಷಕರ ಸಭೆಯಲ್ಲಿ, ಅನಸ್ತಾಸಿಯಾಡಿಸ್ ಎಂಬ ರಸಾಯನಶಾಸ್ತ್ರಜ್ಞನೂ ಆತನ ಸಹೋದ್ಯೋಗಿಗಳೂ ಕಂಡುಹಿಡಿದ ಕೆಚರ್ಸ್ ಎಂಬ ಸುಲಭ ಕ್ರಮವು ಪ್ರಕಟವಾಯಿತು. ಅರೆದ ಹಣ್ಣು 10 ಗ್ರಾಂ, ಅಷ್ಟೇ ಮಿಲಿಲೀಟರ್ ದ್ರಾವಕ, ಒಂದಿಷ್ಟು ಉಪ್ಪುಗಳು. ಕುಲುಕಿ, ತಿರುಗಿಸಿ, ಯಂತ್ರಕ್ಕೆ ಕೊಡುವುದು. ಅನೇಕ ಮದ್ದುಗಳ ಶೇಷವು ಒಂದೇ ಬಾರಿಗೆ ತಿಳಿಯುತ್ತದೆ. ಖರ್ಚು ಕಡಮೆಯಾದುದರಿಂದ ಈ ಕ್ರಮವು ಬೇಗನೆ ಲೋಕಕ್ಕೆಲ್ಲ ಹರಡಿತು. ಆದರೆ ಜೋಳದ ಜರಡಿಯಲ್ಲಿ ರಾಗಿ ನಿಲ್ಲದು. ಬಳ್ಳಿಯ ಅತಿಬೆಳವಣಿಗೆಯನ್ನು ತಡೆಯಲು ಹೊಡೆಯುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಮದ್ದು ನೀರಿನಲ್ಲಿ ಕರಗುವ ಲವಣಸ್ವರೂಪದ್ದಾದುದರಿಂದ ಈ ಜರಡಿಯಲ್ಲಿ ಸಿಕ್ಕುವುದಿಲ್ಲ. ಅದಕ್ಕೆ ಬೇರೆಯ ಕ್ರಮವೇ ಬೇಕು. 2010ರಲ್ಲಿ ಭಾರತದ ದ್ರಾಕ್ಷಿಯು ಯುರೋಪಿನಲ್ಲಿ ತಡೆಯಲ್ಪಟ್ಟಿದ್ದು ಈ ಮದ್ದಿನಿಂದಲೇ. ಅಲ್ಲಿನ ಮಿತಿಯು ಕಿಲೋಗ್ರಾಮಿಗೆ 0.05 ಮಿಲಿಗ್ರಾಂ, ಇಲ್ಲಿ ಹಡಗು ಹತ್ತಿಸುವ ಮುನ್ನ ಪರೀಕ್ಷಿಸತಕ್ಕ ಮದ್ದುಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಹಣ್ಣನ್ನು ಕಳುಹಿಸಿದ ಬೆಳೆಗಾರನು ಸಾಲಗಾರನಾದನು. ವಿದ್ಯೆಯು ಸಭೆಯಲ್ಲಿ ಇದ್ದರೆ ಸಾಲದು, ತೋಟಕ್ಕೆ ಬರುವಷ್ಟರಲ್ಲಿ ಹಂಗಾಮು ಕಳೆದುಹೋಗಿರಕೂಡದು.

ಸಭೆಗಳಲ್ಲಿನ ಕೊರತೆಯೆಂದು ಹೇಳಿದುದು ಈ ಅಂತರವನ್ನೂ, ಅದಕ್ಕಿಂತ ಮಿಗಿಲಾಗಿ ನಮೂನೆಯ ವಿಷಯವನ್ನೂ ಕುರಿತು. ಯಂತ್ರವು ಶತಕೋಟಿಯಲ್ಲಿ ಒಂದು ಭಾಗವನ್ನು ಅಳೆಯುತ್ತದೆಯೋ ಅರ್ಧಭಾಗವನ್ನು ಅಳೆಯುತ್ತದೆಯೋ ಎಂದು ಶಾಸ್ತ್ರಜ್ಞರು ದಿನವೆಲ್ಲ ವಾದಿಸುತ್ತಾರೆ. ಕಡಲೆಕಾಯಿಯಲ್ಲಾದರೋ ವಿಷವು ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಒಂದೆರಡು ಬೀಜಗಳು ತುಂಬ ಕೆಟ್ಟು, ಉಳಿದವು ಶುದ್ಧವಾಗಿರಬಹುದು. ಒಂದು ಹಿಡಿ ಬೀಜವನ್ನು ಚೀಲದ ಬಾಯಿಯಿಂದ ತೆಗೆದು ಕಳುಹಿಸಿದರೆ, ಕೆಟ್ಟ ಬೀಜ ಹಿಡಿಯೊಳಗೆ ಬಂದರೆ ಒಳ್ಳೆಯ ರಾಶಿಗೂ ಶಿಕ್ಷೆ, ಬಾರದಿದ್ದರೆ ಕೆಟ್ಟ ರಾಶಿಗೂ ಬಿಡುಗಡೆ. ಯುರೋಪಿನ ನಿಯಮದಲ್ಲಿ ದೊಡ್ಡ ರಾಶಿಯ 100 ಸ್ಥಳಗಳಿಂದ ಮಾಲು ತೆಗೆದು, ಬೆರಸಿ, ಅರೆದು ಪರೀಕ್ಷಿಸಬೇಕೆಂದಿರುವುದು ಇದಕ್ಕಾಗಿಯೇ. ಕಣದಲ್ಲಿ ನಮೂನೆ ತೆಗೆಯುವ ಕೆಲಸವನ್ನು ಹಮಾಲಿಗೋ ಹುಡುಗನಿಗೋ ಬಿಟ್ಟು, ಫಲಿತಾಂಶ ಬಂದ ಮೇಲೆ ಯಂತ್ರವನ್ನು ದೂರುವುದು ಎಲ್ಲಿಯ ನ್ಯಾಯ? ಊರಿನ ಹಿರಿಯರೊಬ್ಬರು ನಿಂತು, ರಾಶಿಯ ಮೇಲೆ, ನಡುವೆ, ತಳದಲ್ಲಿ, ಅಂಚುಗಳಲ್ಲಿ ತೆಗೆಯಿಸಿ, ಒಂದು ಪಾಲನ್ನು ಮೊಹರು ಮಾಡಿ ಊರಿನಲ್ಲಿಯೇ ಇಟ್ಟುಕೊಳ್ಳುವ ಪದ್ಧತಿಯು ಬಂದರೆ, ವ್ಯಾಪಾರಿಯೊಡನೆ ವ್ಯಾಜ್ಯ ಬಂದಾಗ ರೈತನ ಕೈಯಲ್ಲಿ ಒಂದು ಆಧಾರವಾದರೂ ಇರುತ್ತದೆ.

ಉಳಿದ ಕೆಲಸವು ಯಂತ್ರವಿಲ್ಲದೆ ಆಗತಕ್ಕದ್ದು. ಕಿತ್ತ ಕಡಲೆಕಾಯಿಯನ್ನು ನೂರಕ್ಕೆ 8ರಷ್ಟು ತೇವ ಉಳಿಯುವವರೆಗೆ ಒಣಗಿಸುವುದು. ಗುದ್ದಲಿ ತಗಲಿ ಒಡೆದ ಕಾಯನ್ನು ಬೇರೆ ಹಾಕುವುದು. ಸುಲಿಯುವಾಗ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ವಾಡಿಕೆಯನ್ನು ನಿಲ್ಲಿಸುವುದು. ಈ ಕೊನೆಯದು ತೂಕಕ್ಕೂ ಅನುಕೂಲವೆಂದು ಕೆಲವರು ಬಿಡಲೊಲ್ಲರು; ಬೂಷ್ಟಿಗೆ ಅದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ. ದ್ರಾಕ್ಷಿತೋಟದಲ್ಲಿ ಮದ್ದಿನ ಹೆಸರು, ಪ್ರಮಾಣ, ಹೊಡೆದ ದಿನ, ಗೊನೆ ಕೊಯ್ದ ದಿನ ಇವುಗಳನ್ನು ಬರೆದಿಡುವ ಪುಸ್ತಕವನ್ನು ತೋಟದ ಒಡೆಯನೇ ಇಡಬೇಕು. ಕೂಲಿಯವನ ನೆನಪಿನ ಮೇಲೆ ಬಿಡಕೂಡದು.

ಇಲಾಖೆಯ ಕಡೆಯಿಂದಲೂ ಆಗಬೇಕಾದುದುಂಟು. ಯಾವ ಮದ್ದಿಗೆ ಯಾವ ದೇಶದಲ್ಲಿ ಯಾವ ಮಿತಿ, ಯಾವುದನ್ನು ಹೊಸದಾಗಿ ಪರೀಕ್ಷಿಸತೊಡಗಿದ್ದಾರೆ ಎಂಬ ಸಂಗತಿಯು ಇಂಗ್ಲಿಷಿನ ವರದಿಗಳಲ್ಲಿಯೇ ಉಳಿಯುವುದು ಯೋಗ್ಯವಲ್ಲ. ಬಿಜಾಪುರದ ಸೀಮೆಯಲ್ಲಿ ದ್ರಾಕ್ಷಿಬಳ್ಳಿಯನ್ನು ಸವರುವುದಕ್ಕೆ ಮುಂಚೆ, ಚಿತ್ರದುರ್ಗದ ಸೀಮೆಯಲ್ಲಿ ಕಡಲೆಕಾಯಿ ಕೀಳುವುದಕ್ಕೆ ಮುಂಚೆ, ಅದು ಕನ್ನಡದಲ್ಲಿ ಪ್ರತಿಯೊಂದು ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೂ ಅಂಟಿರಬೇಕು. ಅಂಟಿರದಿದ್ದರೆ ಗ್ರಾಮದ ಮುಖಂಡರು ಬರೆದು ಕೇಳತಕ್ಕದ್ದು.